ವೈಶ್ವಾನರನಿಗೆ ಅರ್ಪಿತವಾದ ಅನ್ನ



ಅಧಿಕಮಾಸಕ್ಕೆ ಪುರುಷೋತ್ತಮರೂಪಿಯಾದ ಶ್ರೀಹರಿಯೇ ನಿಯಾಮಕನು. ಈ ಮಾಸದಲ್ಲಿ ಅಕ್ಕಿ, ಬೆಲ್ಲ, ತುಪ್ಪಗಳಿಂದ ಮಾಡಿದ 33 ಅಪೂಪಗಳನ್ನು ಕಂಚಿನ ಪಾತ್ರೆಯಲ್ಲಿಟ್ಟು, ದಕ್ಷಿಣೆ ತಾಂಬೂಲಗಳೊಡನೆ ದಾನಮಾಡುವ ಸಂಪ್ರದಾಯವು ನಮ್ಮ ಮನೆಗಳಲ್ಲಿ ತಲೆತಲಾಂತರದಿಂದ ನಡೆದುಬಂದಿದೆ. ಅಷ್ಟವಸುಗಳು, ಏಕಾದಶರುದ್ರರು, ದ್ವಾದಶಾದಿತ್ಯರು, ಪ್ರಜಾಪತಿ, ವಷಟ್ಕಾರ ಎಂಬ 33 ದೇವತೆಗಳ ಅಂತರ್ಯಾಮಿಯಾದ ಪರಮಾತ್ಮನು ಪ್ರೀತನಾಗಲೆಂಬುದೇ ಇದರ ಸಂಕಲ್ಪ. ದಾನಕಾಲದಲ್ಲಿ ಯಜಮಾನನ ಕೈಗೆ ನೀರೆರೆಯುವವಳು ಧರ್ಮಪತ್ನಿ. ಬಲಿಚಕ್ರವರ್ತಿಯು ವಾಮನಮೂರ್ತಿಗೆ ಭೂಮಿಯನ್ನು ಕೊಡಹೊರಟಾಗ ಸುವರ್ಣಕಲಶದಲ್ಲಿ ನೀರು ತಂದವಳು ಆತನ ಪತ್ನಿ ವಿಂಧ್ಯಾವಳಿಯೆಂದು ಶ್ರೀಮದ್ಭಾಗವತವು ಹೇಳುತ್ತದೆ. ಗಂಡನು ಕೊಡುವುದನ್ನು ಹೆಂಡತಿಯೂ ಮನಸಾರೆ ಒಪ್ಪಿದಾಗಲೇ ಗೃಹಸ್ಥನ ದಾನವು ಪೂರ್ಣವಾಗುತ್ತದೆ.

ಈ ಮಾತಿನ ಅರ್ಥವು ನನಗೆ ಮನವರಿಕೆಯಾದುದು 2023ರ ಅಧಿಕ ಶ್ರಾವಣದಲ್ಲಿ. ನಮ್ಮ ತೀರ್ಥರೂಪರು ಪೌರೋಹಿತ್ಯಕ್ಕೆ ಹೋಗುತ್ತಿದ್ದ ಒಂದು ಮನೆಗೆ ಅಂದು ನಾನೂ ಅವರೊಡನೆ ಹೋಗಿದ್ದೆನು. ಆ ದಂಪತಿಗಳ ಹೆಸರು ಇಲ್ಲಿ ಬೇಡ. ಅವರ ಇಚ್ಛೆಯೂ ಅದೇ ಆಗಿತ್ತು. ಯಜಮಾನರು ನಿವೃತ್ತ ಉಪಾಧ್ಯಾಯರು. ಕ್ಯಾನ್ಸರ್ ಎಂದು ಜನರು ಕರೆಯುವ ಅರ್ಬುದವ್ಯಾಧಿಯು ಅವರ ಅನ್ನನಾಳಕ್ಕೆ ತಗಲಿತ್ತು. ಆರು ವಾರಗಳ ವಿಕಿರಣ ಚಿಕಿತ್ಸೆಯಾಗಿತ್ತು. ಆಮೇಲೆ ವ್ಯಾಧಿಯು ಯಕೃತ್ತಿಗೂ ಹರಡಿತು. ಇನ್ನು ನೋವನ್ನು ಶಮನಗೊಳಿಸುವುದಷ್ಟೇ ಸಾಧ್ಯವೆಂದು ವೈದ್ಯರು ಹೇಳಿಬಿಟ್ಟಿದ್ದರು. ಮೂಗಿನಿಂದ ಇಳಿಸಿದ ನಳಿಕೆಯಲ್ಲಿ ಗಂಜಿಯ ತಿಳಿಯನ್ನು ಬಿಡುತ್ತಿದ್ದರು. ನಾಲಿಗೆಗೆ ಅನ್ನದ ಸಂಬಂಧವೇ ತಪ್ಪಿಹೋಗಿತ್ತು.

ಆಕೆ ನಮ್ಮ ತಂದೆಯವರಿಗೆ ನಮಸ್ಕರಿಸಿ, "ಇವರ ಗಂಟಲಲ್ಲಿ ಒಂದು ಅಗುಳು ಇಳಿಯುವುದಿಲ್ಲ. ನಾನು ಯಾವ ಮುಖವಿಟ್ಟುಕೊಂಡು ಒಲೆಯ ಮೇಲೆ ಬಾಣಲೆಯಿಡಲಿ, ಆಚಾರ್ಯರೇ? ಈ ವರ್ಷ ದೇವರಿಗೆ ಹಾಲುಹಣ್ಣೇ ಸಾಕು" ಎಂದರು. ಎರಡು ತಿಂಗಳಿಂದ ಆ ಮನೆಯಲ್ಲಿ ಒಗ್ಗರಣೆಯ ವಾಸನೆ ಎದ್ದಿರಲಿಲ್ಲ. ಆಕೆ ಹಿತ್ತಿಲಲ್ಲಿ ನಿಂತು ಎರಡು ತುತ್ತು ಮೊಸರನ್ನ ನುಂಗಿ ಬರುತ್ತಿದ್ದರಂತೆ. ಪತಿಯ ಎದುರಿಗೆ ಉಣ್ಣುವುದೇ ಅಪರಾಧವೆಂದು ಅವರಿಗೆ ತೋರಿತ್ತು.

ಒಳಗೆ ಮಲಗಿದ್ದ ಯಜಮಾನರು ಇದನ್ನು ಕೇಳಿ ಕೈಸನ್ನೆಯಿಂದ ಕರೆದರು. ಧ್ವನಿಯು ಕುಗ್ಗಿ ಪಿಸುಮಾತಾಗಿತ್ತು. "ಬಾಣಲೆ ಇಡು. ಮೂವತ್ತಮೂರು ಆದಮೇಲೆ ಇಳಿಸಬೇಡ. ಆಸ್ಪತ್ರೆಯ ಮೊಗಸಾಲೆಯಲ್ಲಿ ಬನ್ನು ತಿಂದು ಮಲಗುತ್ತಿದ್ದವರನ್ನು ನೀನೂ ನೋಡಿದ್ದೀಯೆ" ಎಂದರು. ವಿಕಿರಣ ಚಿಕಿತ್ಸೆಯು ಒಂದೇ ದಿನದಲ್ಲಿ ಮುಗಿಯುವಂಥದಲ್ಲ. ವಾರಕ್ಕೆ ಐದು ದಿನಗಳಂತೆ ಅನೇಕ ವಾರಗಳವರೆಗೆ ನಡೆಯುತ್ತದೆ. ದೂರದ ಊರುಗಳಿಂದ ಬಂದವರ ಕೈಯ ಹಣವು ಔಷಧಕ್ಕೂ ಪ್ರಯಾಣಕ್ಕೂ ಮುಗಿದುಹೋಗಿ, ರೋಗಿಯ ಜೊತೆಗೆ ಬಂದವರು ಹಸಿದಿರುತ್ತಾರೆ. ಇದನ್ನು ಆ ದಂಪತಿಗಳು ಕಣ್ಣಾರೆ ಕಂಡಿದ್ದರು.

ಆಗ ಆಕೆ ಕೇಳಿದ ಪ್ರಶ್ನೆಯು ನಮ್ಮಲ್ಲಿ ಅನೇಕರ ಪ್ರಶ್ನೆಯಾಗಿದೆ. "ಮಡಿಯಲ್ಲಿ ಮಾಡಿದ ಅಡಿಗೆಯನ್ನು ಯಾರು ಯಾರೋ ಇರುವ ಆಸ್ಪತ್ರೆಗೆ ಕಳುಹಿಸಬಹುದೇ?"

ನಮ್ಮ ತಂದೆಯವರು ಹೇಳಿದ ಉತ್ತರದ ಸಾರಾಂಶವಿಷ್ಟು. ಭಗವಂತನು ವೈಶ್ವಾನರರೂಪದಿಂದ ಸಕಲ ಪ್ರಾಣಿಗಳ ಜಠರದಲ್ಲಿದ್ದು, ಪ್ರಾಣಾಪಾನಗಳೊಡಗೂಡಿ ನಾಲ್ಕು ವಿಧವಾದ ಅನ್ನವನ್ನು ಪಚನಮಾಡುತ್ತಾನೆಂದು ಗೀತೆಯ ಹದಿನೈದನೆಯ ಅಧ್ಯಾಯದಲ್ಲಿ ತಾನೇ ಹೇಳಿದ್ದಾನೆ. ಊಟಕ್ಕೆ ಮೊದಲು ನಾವು ಪ್ರಾಣಾಹುತಿಯನ್ನು ಹಾಕುವುದು ಈ ಅಗ್ನಿಯಲ್ಲಿಯೇ. ಛಾಂದೋಗ್ಯದ ವೈಶ್ವಾನರವಿದ್ಯೆಯಾದರೋ ಇನ್ನೂ ಮುಂದೆ ಹೋಗಿ, ಇದನ್ನು ತಿಳಿದವನು ಚಂಡಾಲನಿಗೆ ಉಳಿದ ಅನ್ನವನ್ನು ಕೊಟ್ಟರೂ ಅದು ವೈಶ್ವಾನರನಲ್ಲಿಯೇ ಹೋಮವಾಗುತ್ತದೆಂದು ಸಾರುತ್ತದೆ. ಆದುದರಿಂದ ಮಡಿಯು ದೇವರಿಗೆ ನೈವೇದ್ಯವಾಗುವವರೆಗೆ ಇರಲಿ. ಆಮೇಲೆ ಅದು ಪ್ರಸಾದ. ಪ್ರಸಾದವನ್ನು ಹಸಿದವನಿಗೆ ಕೊಡುವಾಗ ಆತನ ಕುಲವನ್ನು ಕೇಳಬೇಕಾದುದಿಲ್ಲ. "ತಾಯಿ, ನಿಮ್ಮ ಯಜಮಾನರ ಬಾಯಿಯ ದಾರಿಯೊಂದು ಮುಚ್ಚಿದೆ. ವೈಶ್ವಾನರನ ದಾರಿಗಳು ಮುಚ್ಚಿಲ್ಲ" ಎಂದು ಅವರು ಮುಗಿಸಿದರು.

ಅಪೂಪದಾನವು ಆಯಿತು. ತಂದೆಯವರು ಸಂಕಲ್ಪವನ್ನು ಹೇಳಿದರು, ಯಜಮಾನರು ತುಟಿಯಾಡಿಸಿದರು, ಆಕೆ ನೀರೆರೆದರು. ಮಾರನೆಯ ದಿನದಿಂದ ಪ್ರತಿದಿನವೂ 20 ಜನರಿಗೆ ಆಗುವಷ್ಟು ಅಡಿಗೆಯು, ಚಾತುರ್ಮಾಸ್ಯದ ಆಯಾ ವ್ರತಕ್ಕೆ ತಕ್ಕಂತೆ ಸಿದ್ಧವಾಗಿ, ನೈವೇದ್ಯವಾಗಿ, ಕೇರಿಯ ಹುಡುಗರ ಕೈಯಲ್ಲಿ ಆಸ್ಪತ್ರೆಗೆ ಹೋಗತೊಡಗಿತು. ಏಕಾದಶಿಯಂದು ಒಲೆ ಹೊತ್ತುತ್ತಿರಲಿಲ್ಲ. ಅಂದು ಹಣ್ಣುಹಾಲು ಹೋಗುತ್ತಿತ್ತು. ಬುತ್ತಿಯು ಹೊರಡುವ ಹೊತ್ತಿಗೆ ಯಜಮಾನರು ಮಂಚದ ಮೇಲೆಯೇ ಒರಗಿ ಕುಳಿತು ಐದು ಪ್ರಾಣಾಹುತಿಗಳನ್ನು ಮನಸ್ಸಿನಲ್ಲಿಯೇ ಸಮರ್ಪಿಸುತ್ತಿದ್ದರು. ಅದಾದಮೇಲೆ ಆಕೆಯು ಅವರ ಎದುರಿನಲ್ಲಿಯೇ ಕುಳಿತು ಊಟಮಾಡಬೇಕೆಂಬುದು ಅವರ ಆಜ್ಞೆ. ಆಕೆಯೂ ಹಾಗೆಯೇ ಮಾಡಿದರು.

ಬೇರೊಂದು ನಗರಕ್ಕೆ ಕರೆದೊಯ್ದು ದೊಡ್ಡ ವೆಚ್ಚದ ಚಿಕಿತ್ಸೆ ಮಾಡಿಸುವೆನೆಂದು ಮಗನು ಸಾಲಕ್ಕೂ ಸಿದ್ಧನಾಗಿದ್ದನು. ಅದರಿಂದ ಕೆಲವು ವಾರಗಳು ಹೆಚ್ಚಬಹುದೇ ಹೊರತು ವ್ಯಾಧಿಯು ಹೋಗದೆಂದು ವೈದ್ಯರು ಮರೆಮಾಚದೆ ಹೇಳಿದರು. ದಂಪತಿಗಳು ಕೂಡಿ ಕುಳಿತು ನಿಶ್ಚಯಿಸಿದರು. ಆಕೆಯ ಮುಂದಿನ ಜೀವನಕ್ಕೂ ನೋವಿನ ಔಷಧಕ್ಕೂ ಬೇಕಾದುದನ್ನು ಮೊದಲು ತೆಗೆದಿರಿಸಿ, ಉಳಿದುದನ್ನು ಅನ್ನಕ್ಕೆ ಮೀಸಲಿಟ್ಟರು. ವಾಸಿಯಾಗುವ ವ್ಯಾಧಿಗೆ ಚಿಕಿತ್ಸೆ ಬಿಡಬೇಕೆಂದು ಇದರ ಅರ್ಥವಲ್ಲ. ಕುಟುಂಬವನ್ನು ಉಪವಾಸ ಕೆಡವಿ ಮಾಡುವ ದಾನವನ್ನು ಸ್ಮೃತಿಗಳೂ ಒಪ್ಪುವುದಿಲ್ಲ.

ಈ ಪುಣ್ಯದಿಂದ ಯಜಮಾನರು ಬದುಕಿದರೇ ಎಂದು ಕೇಳುವವರಿದ್ದಾರೆ. ಇಲ್ಲ. ಅದೇ ವರ್ಷ ಮಾರ್ಗಶಿರದ ಒಂದು ಸಾಧಾರಣ ದಿನ ಅವರು ತೀರಿಕೊಂಡರು. ದಾನವು ದೇವರಿಗೆ ಕೊಡುವ ಲಂಚವಲ್ಲ. ಪ್ರತ್ಯುಪಕಾರವನ್ನು ಬಯಸದೆ, ಕೊಡಬೇಕೆಂಬ ಬುದ್ಧಿಯಿಂದಲೇ ಕೊಟ್ಟದ್ದು ಸಾತ್ತ್ವಿಕದಾನವೆಂದು ಭಗವಂತನು ಹೇಳಿದ್ದಾನೆ. ಬದುಕಿಸೆಂದು ಕೊಟ್ಟದ್ದು ರಾಜಸವಾಗುತ್ತದೆ. ನಾವು ಪರತಂತ್ರರು, ದೇಹವೂ, ಧನವೂ, ಆಯುಸ್ಸೂ ಸ್ವತಂತ್ರನಾದ ಹರಿಯ ಅಧೀನ. ಆರೋಗ್ಯದ ದಿನಗಳಲ್ಲಿ ಇದು ನಮಗೆ ಬಾಯಿಪಾಠ. ಆ ದಂಪತಿಗಳಿಗೆ ಅದು ಅನುಭವವಾಯಿತು. ಪರೀಕ್ಷಿದ್ರಾಜನಿಗೆ ಏಳು ದಿನಗಳ ಅವಧಿ ತಿಳಿದಿತ್ತು. ತಿಳಿದಿದ್ದರಿಂದಲೇ ಗಂಗಾತೀರದಲ್ಲಿ ಕುಳಿತು ಭಾಗವತಶ್ರವಣ ಮಾಡಿದನು. ರೋಗಿಯಿಂದ ನಿಜವನ್ನು ಮುಚ್ಚಿಟ್ಟು ಸುಳ್ಳು ಸಮಾಧಾನ ಹೇಳುವ ನಾವು ಆತನ ಏಳು ದಿನಗಳನ್ನೇ ಕಸಿದುಕೊಳ್ಳುತ್ತೇವೆಂಬುದನ್ನು ವಿಚಾರಮಾಡಬೇಕು.

ಆಶೌಚದ ದಿನಗಳಲ್ಲಿ ಬುತ್ತಿಯು ನಿಲ್ಲದಂತೆ ನೆರೆಯ ಮನೆಯವರು ನೋಡಿಕೊಂಡರು. ಹದಿಮೂರನೆಯ ದಿನದ ವೈಕುಂಠ ಸಮಾರಾಧನೆ ಮುಗಿದ ಮರುದಿನ ಆಕೆಯು ನಮ್ಮ ತಂದೆಯವರನ್ನು ಕರೆಸಿ, "ನೀರೆರೆಯುವುದು ನನ್ನ ಪಾಲಿನ ಕೆಲಸವಾಗಿತ್ತು. ಈಗ ಕೊಡುವ ಕೈಯೂ ನನ್ನದೇ ಆಗಬಹುದೇ?" ಎಂದು ಕೇಳಿದರು. ತಂದೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಬ್ಬರೂ ಸೇರಿ ಮಾಡಿದ ಸಂಕಲ್ಪ, ತಾಯಿ. ಅದು ಮುಗಿದಿಲ್ಲ" ಎಂದರು. ಅಂದು ಬೆಳಿಗ್ಗೆ ಆ ಮನೆಯ ಒಲೆ ಹೊತ್ತಿತು.

ಬೆಂಗಳೂರಿನ ಮಾರತಹಳ್ಳಿಯಲ್ಲಿರುವ ಕರುಣಾಶ್ರಯವು 1999ರಿಂದ ಇಂತಹ ಕಡೆಗಾಲದ ಅರ್ಬುದರೋಗಿಗಳನ್ನು ಹಣ ತೆಗೆದುಕೊಳ್ಳದೆ ಶುಶ್ರೂಷೆಮಾಡುತ್ತಿದೆ. ಅಲ್ಲಿಗೆ ನೆರವಾಗಬಹುದು. ಅಷ್ಟು ಶಕ್ತಿಯಿಲ್ಲದವರು ತಮ್ಮ ಊರಿನ ಆಸ್ಪತ್ರೆಯ ಮೊಗಸಾಲೆಯಲ್ಲಿ ಕುಳಿತಿರುವ ಒಬ್ಬರಿಗೆ ಒಂದು ಹೊತ್ತಿನ ಅನ್ನವನ್ನು ಒಯ್ಯಬಹುದು. ದಂಪತಿಗಳು ಇಬ್ಬರೂ ಆರೋಗ್ಯದಿಂದಿರುವಾಗಲೇ ಈ ಸಂಕಲ್ಪವನ್ನು ಮಾಡಿಕೊಳ್ಳಲಿ. ಆಗ ಕೊಡುವ ಕೈಗೂ ನೀರೆರೆಯುವ ಕೈಗೂ ಅಭ್ಯಾಸವಾಗಿರುತ್ತದೆ. ಎಲ್ಲರ ಜಠರದಲ್ಲಿದ್ದು ಉಣ್ಣುವ ವೈಶ್ವಾನರನು ಮುಖ್ಯಪ್ರಾಣಾಂತರ್ಗತನಾಗಿ ಇದನ್ನು ಸ್ವೀಕರಿಸಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥