ದಾರಿಯನ್ನು ಸರಿಸಿದ ಹೂವು

ಹೊಲದ ಹೂವುಗಳನ್ನು ಲಕ್ಷ್ಯವಿಟ್ಟು ನೋಡಬೇಕೆಂದು ನಮ್ಮ ಕರ್ತನು ಕಲಿಸಿದ್ದುಂಟು. ಹೊಲವೇ ಇಲ್ಲದ ಕಡೆ ಬೆಳೆಯುವ ಒಂದು ಹೂವಿನ ಸಂಗತಿಯನ್ನು ಈ ಸಾರಿ ವಿಚಾರಿಸೋಣ.

ಅಮೇರಿಕಾ ದೇಶದ ನ್ಯೂಹ್ಯಾಂಪ್‌ಷೈರ್ ಸೀಮೆಯಲ್ಲಿ 6,288 ಅಡಿ ಎತ್ತರದ ವಾಷಿಂಗ್ಟನ್ ಬೆಟ್ಟವುಂಟು. ಅದರ ಮಗ್ಗುಲಿನ ಕಲ್ಲುಚೂರಿನ ಬಯಲೊಂದರಲ್ಲಿ ರಾಬಿನ್ಸ್ ಸಿಂಕ್‌ಫಾಯಿಲ್ ಎಂಬ ಗಿಡವು ಬೆಳೆಯುತ್ತದೆ. ಗುಲಾಬಿಯ ಕುಲದ್ದಾದರೂ ಹೆಬ್ಬೆರಳಿನಷ್ಟೂ ಎತ್ತರವಿಲ್ಲ. ಮರಗಳು ನಿಲ್ಲಲಾರದ ಗಾಳಿಯಲ್ಲಿ ಅದು ಕಲ್ಲುಗಳ ನಡುವೆ ಆಳವಾಗಿ ಬೇರಿಳಿಸಿ, ಹಿಮವು ಕರಗಿದ ಮೇಲೆ ಹಳದಿ ಹೂವು ಬಿಡುತ್ತದೆ. ಆ ಬೆಟ್ಟಸೀಮೆಯ ಹೊರತು ಲೋಕದಲ್ಲಿ ಬೇರೆಲ್ಲಿಯೂ ಅದು ತಾನಾಗಿ ಬೆಳೆಯುವದಿಲ್ಲ.

ಇಂಥ ಗಾಳಿಯನ್ನು ತಾಳಿದ ಗಿಡವು ಮನುಷ್ಯರ ಪಾದಗಳನ್ನು ತಾಳದೆ ಹೋಯಿತು. ಯಾಕಂದರೆ ಶಿಖರದ ಕಾಲುದಾರಿಯು ಗಿಡಗಳ ನಡುವೆಯೇ ಹಾದುಹೋಗಿತ್ತು. ನಡೆದವರು ದುಷ್ಟರಲ್ಲ, ಅವರ ಕಣ್ಣು ಶಿಖರದ ಮೇಲಿತ್ತು, ಅಷ್ಟೇ. (ಕಿತ್ತು ಒಣಗಿಸಿ ಕೂಡಿಸಿಟ್ಟುಕೊಂಡ ವಿದ್ವಾಂಸರೂ ಇದ್ದರು, ಅವರ ವಿಷಯವಾಗಿ ಏನು ಹೇಳೋಣ!)

ನಮ್ಮ ಸಭೆಗಳಲ್ಲಿಯೂ ಹಳೆಯ ದಾರಿಗಳಿಲ್ಲವೋ? ಅಕ್ಷರ ಬಾರದ ಮುದುಕನು ಕೂಟದಲ್ಲಿ ತಡವರಿಸಿ ಸಾಕ್ಷಿ ಹೇಳುವಾಗ, ಹೊತ್ತಾಯಿತೆಂದು ಕೂರಿಸುವ ವಾಡಿಕೆ ಎಷ್ಟು ಊರುಗಳಲ್ಲಿಲ್ಲ? ಆಮೇಲೆ ಅವನು ಬಾರದೆ ಹೋದರೆ ಅವನ ನಂಬಿಕೆಯೇ ಬಲಹೀನವೆಂದು ತೀರ್ಪು!

ಆ ಬೆಟ್ಟದವರು ಹೂವನ್ನು ದೂರಲಿಲ್ಲ. 1980ರಲ್ಲಿ ಸರಕಾರವು ಅದನ್ನು ಅಳಿದುಹೋಗುವ ಜಾತಿಗಳ ಪಟ್ಟಿಯಲ್ಲಿ ಬರೆಯಿತು. 1983ರಲ್ಲಿ ದಾರಿಯನ್ನೇ ಪಕ್ಕಕ್ಕೆ ಸರಿಸಿ, ಬಯಲಿಗೆ ಕಲ್ಲುಗೋಡೆಯನ್ನು ಕಟ್ಟಿದರು; ಸಸಿಗಳನ್ನು ಬೆಳಸಿ ನೆಟ್ಟದ್ದೂ ಉಂಟು. ಗಿಡಗಳು ಹೆಚ್ಚಿದವು, 2002ರಲ್ಲಿ ಆ ಹೆಸರನ್ನು ಪಟ್ಟಿಯಿಂದ ತೆಗೆದರು. ಜನರು ಈಗಲೂ ಶಿಖರಕ್ಕೆ ಏರುತ್ತಾರೆ, ಗೋಡೆಯ ಆಚೆಯಿಂದ, ಕೊಂಚ ಸುತ್ತಿಕೊಂಡು.