ಎಲೆ ಎತ್ತುವ ಮೊದಲು

ಪಂಚಮಿ ಬಂತೆಂದರೆ ನಮ್ಮೂರು ಭೋಜದ ಕಡೆ ಕಟ್ಟೆಯ ಮೇಲೆ ಜಮಖಾನೆ ಹಾಸಿ ಇಸ್ಪೀಟಿಗೆ ಕೂಡುವವರು ಇದ್ದೇ ಇರುತ್ತಾರೆ. ಎಷ್ಟೋ ವರ್ಷಗಳ ಹಿಂದೆ ಹಾಗೆ ಕೂತವರ ಬೆನ್ನ ಹಿಂದೆ ನಿಂತು ಆಟ ನೋಡುತ್ತಿದ್ದೆ. ಮೂರೆಲೆಯ ಆಟ, ತೀನ್ ಪತ್ತಿ ನಡೆದಿತ್ತು. ನಮ್ಮ ಓಣಿಯ ಕಾಕಾ ಒಬ್ಬರು ಮೂರೂ ಎಲೆಗಳನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಹೆಬ್ಬೆರಳಿನಿಂದ ಅಂಚನ್ನಷ್ಟೇ ಸರಿಸಿ ನೋಡಿ, ಸುಮ್ಮನೆ ಕೆಳಗಿಟ್ಟುಬಿಡುತ್ತಿದ್ದರು. ಹತ್ತು ಕೈಗೆ ಏಳೆಂಟು ಸಲ ಅದೇ.

“ಕಾಕಾ, ಆಡಾಕ ಬಂದು ಬರೇ ಪ್ಯಾಕ್ ಮಾಡ್ತೀರಲ್ಲ?” ಅಂದೆ.

“ತಮ್ಮಾ, ಕೈ ಬಿಡಾಕ ಬರಲಾರದಾಂವ ಹೊಲಾ ಬಿಡಬೇಕಾಗತೈತಿ” ಅಂದರು.

ಕಾಕಾ ಗಣಿತ ಓದಿದವರಲ್ಲ. ಆದರೂ ಗಣಿತ ಅವರ ಮಾತನ್ನೇ ಹೇಳುತ್ತದೆ. 52 ಎಲೆಗಳಿಂದ ಮೂರು ಎಲೆಗಳ 22,100 ಕೈಗಳಾಗುತ್ತವೆ. ಅವುಗಳಲ್ಲಿ ನೂರಕ್ಕೆ ಸುಮಾರು 74ರಲ್ಲಿ ಜೋಡಿಯಿಲ್ಲ, ಸಾಲಿಲ್ಲ, ಕಲರ್ ಕೂಡ ಇಲ್ಲ. ಮೂರೂ ಎಲೆ ಒಂದೇ ತೆರನಾಗಿ ಬೀಳುವುದು 425 ಸಲಕ್ಕೊಮ್ಮೆ. ದೊಡ್ಡ ಊರುಗಳ ಕ್ಲಬ್ಬುಗಳಲ್ಲಿ ಆಡುವ ಪೋಕರ್‌ನಲ್ಲಿ ಮೊದಲು ಕೈಗೆ ಬರುವುದು ಎರಡೇ ಎಲೆ. ಎರಡೂ ಎಕ್ಕಾ ಬೀಳುವುದು 221 ಸಲಕ್ಕೊಮ್ಮೆ. ಹೀಗಾಗಿ ಪಳಗಿದವರು ಬಂದ ಕೈಗಳಲ್ಲಿ ಹೆಚ್ಚಿನವನ್ನು ದುಡ್ಡು ಕಟ್ಟುವ ಮೊದಲೇ ಬಿಟ್ಟುಬಿಡುತ್ತಾರೆ. ಆಸೆಯಿಂದ ಹಿಡಿದುಕೊಂಡ ಕೆಟ್ಟ ಕೈ ಹೆಚ್ಚು ಹೆಚ್ಚು ಕೇಳುತ್ತ ಹೋಗುತ್ತದೆ. ಹುಸಿಹೋಗುವ ವ್ಯಾಪಾರ, ಕೈಗೂಡದ ಜಗಳ, ಎಲ್ಲಕ್ಕೂ ಈ ಬುದ್ಧಿ ಸಲ್ಲುತ್ತದೆ.

ಆದರೆ ಇದೇ ವಿದ್ಯೆಗೆ ಇನ್ನೊಂದು ಪಾಠವಿದೆ. ಎಲೆ ಯಾರ ಮುಖವನ್ನೂ ನೋಡಿ ಬೀಳುವುದಿಲ್ಲ. ಕ್ಲಬ್ಬಿನವರು ತಮ್ಮ ಪಾಲು ಎತ್ತಿಟ್ಟುಕೊಳ್ಳುತ್ತಾರೆ. ಹಾಗಿದ್ದರೆ ಜಾಣನ ಗಳಿಕೆ ಬರುವುದೆಲ್ಲಿಂದ? ಎದುರಿಗೆ ಕೂತ, ಆಟ ತಿಳಿಯದವನ ಕಿಸೆಯಿಂದ. ಅದಕ್ಕೇ ಜಾಣ ಜೂಜುಗಾರ ಒಳ್ಳೆಯ ಎಲೆಗಿಂತ ಮೊದಲು ದುರ್ಬಲ ಎದುರಾಳಿಯನ್ನು ಹುಡುಕುತ್ತಾನೆ. ಶಕುನಿ ಮಾಡಿದ್ದೂ ಇದನ್ನೇ. ಧರ್ಮರಾಯನಿಗೆ ಜೂಜಿನ ಮೋಹವಿದೆ, ಆಟ ಬರುವುದಿಲ್ಲ ಎಂದು ಅಳೆದುಕೊಂಡೇ ಅವನು ದಾಳ ಹಿಡಿದ.

ಕೌಶಲ, ಅದೃಷ್ಟಗಳ ಲೆಕ್ಕವನ್ನು ಕಾನೂನೂ ಹಾಕಿದೆ. 1967ರಲ್ಲಿ ಸುಪ್ರೀಂ ಕೋರ್ಟು ರಮ್ಮಿ ಮುಖ್ಯವಾಗಿ ಕೌಶಲದ ಆಟ, ಮೂರೆಲೆಯ ಆಟ ಬರೀ ಅದೃಷ್ಟದ್ದು ಎಂದು ಬೇರ್ಪಡಿಸಿತು. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರ ಕಾಯ್ದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಮಟ್ಟಿಗೆ ಆ ಭೇದ ಬಿಟ್ಟು ಎಲ್ಲವನ್ನೂ ನಿಷೇಧಿಸಿತು. ನನಗೆ ಇದು ಸರಿಯೆನಿಸುತ್ತದೆ. ಆಟದಲ್ಲಿ ಕೌಶಲ ಹೆಚ್ಚಿದಷ್ಟೂ ಅರಿಯದವನು ಸೋಲುವುದು ಖಚಿತವಾಗುತ್ತದೆ.

ಕಾನೂನಷ್ಟೇ ಅಲ್ಲ, ಧರ್ಮವೂ ಜೂಜನ್ನು ಬಿಡು ಎನ್ನುತ್ತದೆ. ದೂಧಗಂಗಾ, ವೇದಗಂಗಾ ಕೂಡುವ ಈ ಭೋಜದಲ್ಲೇ ಬೆಳೆದ ಸಾತಗೌಡ ಪಾಟೀಲರು 1920ರಲ್ಲಿ ಮುನಿದೀಕ್ಷೆ ಪಡೆದರು. ಮುಂದೆ ಅವರನ್ನು ಆಚಾರ್ಯ ಶಾಂತಿಸಾಗರರೆಂದು ನಾಡೆಲ್ಲ ಪೂಜಿಸಿತು. ಅವರು ನಡೆದ ಜೈನ ಧರ್ಮದಲ್ಲಿ ಶ್ರಾವಕರು ಬಿಡಬೇಕಾದ ಸಪ್ತವ್ಯಸನಗಳನ್ನು ಎಣಿಸುವಾಗ ಮೊದಲು ಬರುವುದು ಜೂಜು. ಮದ್ಯ, ಕಳವು ಎಲ್ಲ ಆಮೇಲೆ. ಉಳಿದ ಆರಕ್ಕೂ ಬಾಗಿಲು ತೆರೆಯುವುದು ಅದೇ ಎನ್ನುತ್ತಾರೆ ಹಿರಿಯರು. ನನಗೆ ಮತ್ತೊಂದು ಕಾರಣವೂ ಹೊಳೆಯುತ್ತದೆ: ಜೂಜಿಗೆ ಕೂತವನು ತನ್ನ ನೆರೆಯವನು ಯಾವಾಗ ತಪ್ಪುತ್ತಾನೆ ಎಂದು ಕಾಯುತ್ತ ಕೂರುತ್ತಾನೆ.

ಆ ಪಂಚಮಿಯ ಸಂಜೆ ಕಬ್ಬಿನ ಬಿಲ್ಲಿನ ರೊಕ್ಕ ಕಿಸೆಯಲ್ಲಿಟ್ಟುಕೊಂಡು ಒಬ್ಬ ಹುಡುಗ ಬಂದು ಕಾಕಾನ ಎದುರೇ ಕೂತ. ಒಂದು ಕೈಯನ್ನೂ ಬಿಡಲೊಲ್ಲ. ಎರಡು ಆಟದಲ್ಲೇ ನೋಟಿನ ಕಟ್ಟು ತೆಳ್ಳಗಾಯಿತು. ಸುತ್ತ ಕೂತವರ ಕಣ್ಣು ಅರಳಿದವು. ಮತ್ತೆ ಎಲೆ ಬಿತ್ತು. ಕಾಕಾ ಮುಟ್ಟಲಿಲ್ಲ. “ಇವರಪ್ಪನ ಹೊಲಾ ನನ್ನ ಹೊಲಾ ಬಾಜೂಕ ಬಾಜೂಕ ಅದಾವ. ಈ ರೊಕ್ಕ ನನಗ ಜೀರ್ಣ ಆಗೂದಿಲ್ಲ” ಎನ್ನುತ್ತ ಎದ್ದರು. ಹುಡುಗನ ರಟ್ಟೆ ಹಿಡಿದು, “ಏಳೋ ತಮ್ಮಾ, ಮನೀಗ ನಡಿ” ಅಂದರು.

ಅವರ ಮೂರು ಎಲೆ ಜಮಖಾನೆಯ ಮೇಲೆ ಬೋರಲಾಗಿಯೇ ಉಳಿದವು. ಏನಿದ್ದವೋ, ಕಾಕಾ ತಿರುಗಿ ನೋಡಲಿಲ್ಲ.