ಗುಳೆ ಹೋದವರಿಗೆ ಸಲ್ಲುವುದು ದಾನವೇ, ಋಣವೇ?

ಮಳೆಬೆಳೆ ಕೈಕೊಟ್ಟಾಗ ಮನೆಮಂದಿಯೆಲ್ಲ ಗಂಟುಮೂಟೆ ಕಟ್ಟಿಕೊಂಡು ಹೊಟ್ಟೆಪಾಡಿಗಾಗಿ ಊರು ಬಿಡುವುದನ್ನು ನಮ್ಮ ನುಡಿಯಲ್ಲಿ ‘ಗುಳೆ ಹೋಗುವುದು’ ಎನ್ನುತ್ತಾರೆ. ವಿಜಯಪುರ, ಸೊಲ್ಲಾಪುರ, ಜತ್ತ, ಆದವಾನಿ, ರಾಯದುರ್ಗ ಸೀಮೆಗಳ ಜನರು ಈ ಮಾತಿನ ಅರ್ಥವನ್ನು ನಿಘಂಟು ನೋಡಿ ತಿಳಿಯಬೇಕಾಗಿಲ್ಲ. ವಲಸೆ ಎಂಬ ಮಾತಿನಲ್ಲಿ ಇಷ್ಟಪಟ್ಟು ಹೋದವನೂ ಸೇರುತ್ತಾನೆ; ಗುಳೆ ಹೋದವನಾದರೋ ಇರಲಾರದೆ ಹೋದವನು. ವಾಯುಗುಣದ ಬದಲಾವಣೆಯಿಂದ ಇಂದು ಲೋಕದ ಅನೇಕ ಕಡೆಗಳಲ್ಲಿ ಜನರು ಹೀಗೆ ಇರಲಾರದೆ ಹೋಗುತ್ತಿದ್ದಾರೆ. ಅವರಿಗೆ ಉಳಿದವರು ನೀಡುವ ನೆರವು ಕರುಣೆಯಿಂದ ಕೊಡುವ ದಾನವೋ, ತೀರಿಸಲೇಬೇಕಾದ ಋಣವೋ ಎಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಈ ಎರಡರ ಭೇದ ಬರಿಯ ಮಾತಿನ ಭೇದವಲ್ಲ. ದಾನವು ಕೊಡುವವನ ಮನಸ್ಸಿಗೆ ಸೇರಿದುದು. ಕೊಡದವನನ್ನು ಜಿಪುಣನೆನ್ನಬಹುದೇ ಹೊರತು ಅನ್ಯಾಯ ಮಾಡಿದನೆನ್ನಲಾಗದು. ಪಡೆದವನು ತಲೆ ತಗ್ಗಿಸಿ ನಿಲ್ಲಬೇಕಾಗುತ್ತದೆ. ಋಣದ ಮಾತು ಬೇರೆ. ಅಲ್ಲಿ ಕೊಡದವನು ತಪ್ಪಿತಸ್ಥನಾಗುತ್ತಾನೆ. ಪಡೆಯುವವನು ತಲೆಯೆತ್ತಿ ಕೇಳುತ್ತಾನೆ. ಆದುದರಿಂದ ಮನೆಮಾರು ಕಳೆದುಕೊಂಡು ಬಂದವನನ್ನು ನಾವು ಯಾವ ಕಣ್ಣಿನಿಂದ ನೋಡಬೇಕೆಂಬುದು ಈ ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿದೆ.

ನಮ್ಮ ಹಿರಿಯರು ಬರಗಾಲವನ್ನು ದೈವದ ಮುನಿಸೆಂದು ಬಗೆಯುತ್ತಿದ್ದರು. ಧಾತು, ಈಶ್ವರ ಸಂವತ್ಸರಗಳ, ಎಂದರೆ 1876ರಿಂದ 1878ರ ವರೆಗಿನ ಮಹಾಕ್ಷಾಮವು ಬಳ್ಳಾರಿ, ಸೊಲ್ಲಾಪುರ, ಮೈಸೂರು ಸೀಮೆಗಳನ್ನು ಬೆಂಗಾಡು ಮಾಡಿತು. ಮೈಸೂರು ಸಂಸ್ಥಾನವೊಂದರಲ್ಲಿಯೇ 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ದೂರದ ಶಾಂತಸಾಗರದ ನೀರು ಎಂದಿಗಿಂತ ಹೆಚ್ಚಾಗಿ ಕಾದುದು ಆಗ ಮಳೆ ತಪ್ಪಲು ಮುಖ್ಯ ಕಾರಣವೆಂದು ಇಂದಿನ ವಿಜ್ಞಾನ ಹೇಳುತ್ತದೆ. ಅದರಲ್ಲಿ ಯಾವ ಮನುಷ್ಯನ ತಪ್ಪೂ ಇರಲಿಲ್ಲ. ಆದರೆ ಜನರು ಹಸಿವಿನಿಂದ ಸಾಯುತ್ತಿದ್ದಾಗ ಭಾರತದ ಧಾನ್ಯ ಹಡಗು ಹತ್ತಿ ಪರದೇಶಕ್ಕೆ ಹೋಗುತ್ತಿದ್ದುದೂ, 1877ರಲ್ಲಿ ಪರಿಹಾರದ ಕಾಮಗಾರಿಗಳಲ್ಲಿ ಆಳಿನ ದಿನಗೂಲಿಯನ್ನು ಒಂದು ಪೌಂಡು ಧಾನ್ಯದ ಬೆಲೆಗೂ ಅರ್ಧ ಆಣೆಗೂ ಇಳಿಸಿದುದೂ ಮನುಷ್ಯರ ತೀರ್ಮಾನಗಳೇ. ಮಳೆ ಬಾರದಿದ್ದುದು ದುರದೃಷ್ಟ. ಧಾನ್ಯವನ್ನು ಹೊರಗೆ ಕಳುಹಿದುದು ಅನ್ಯಾಯ. ದುರದೃಷ್ಟಕ್ಕೆ ಮರುಕಪಟ್ಟರೆ ಸಾಕಾದೀತು. ಅನ್ಯಾಯಕ್ಕೆ ಯಾರಾದರೊಬ್ಬರು ಉತ್ತರ ಕೊಡಬೇಕು.

ಅಂದು ದೈವದ ಪಾಲಿಗೆ ಬಿಟ್ಟಿದ್ದ ಭಾಗದೊಳಕ್ಕೂ ಇಂದು ಮನುಷ್ಯನ ಕೈ ಚಾಚಿರುವುದು ಹೊಸ ಸಂಗತಿ. ಕಲ್ಲಿದ್ದಲು, ಎಣ್ಣೆ, ಅನಿಲಗಳನ್ನು ಸುಟ್ಟು, ಕಾಡುಗಳನ್ನು ಕಡಿದು ನಾವು ವಾತಾವರಣಕ್ಕೆ ಸೇರಿಸಿದ ಅನಿಲಗಳು ಸೂರ್ಯನ ಶಾಖವನ್ನು ಹಿಡಿದಿಡುತ್ತವೆ. 1850–1900ರ ಕಾಲಕ್ಕೆ ಹೋಲಿಸಿದರೆ 2011–2020ರ ದಶಕದಲ್ಲಿ ಭೂಮಿಯ ಮೇಲ್ಮೈ ಸುಮಾರು 1.1 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾಗಿತ್ತು. 1901ರಿಂದ 2018ರ ವರೆಗೆ ಸಮುದ್ರದ ಮಟ್ಟ ಸುಮಾರು 20 ಸೆಂಟಿಮೀಟರು ಏರಿತು. ಪ್ರತಿಯೊಂದು ಬರಕ್ಕೂ ಪ್ರತಿಯೊಂದು ನೆರೆಗೂ ಇದೇ ಕಾರಣವೆಂದು ಹೇಳುವುದು ಸರಿಯಲ್ಲ. ಆದರೆ ಇದರಲ್ಲಿ ನಮ್ಮ ಪಾತ್ರವೇ ಇಲ್ಲವೆಂದು ಹೇಳುವುದಕ್ಕೂ ಈಗ ಎಡೆಯುಳಿದಿಲ್ಲ.

ಈ ಮಾತಿಗೆ ಶಾಂತಸಾಗರದ ನಡುವಣ ಕಿರಿಬಾಸ್ ಎಂಬ ಪುಟ್ಟ ದೇಶವನ್ನು ನಿದರ್ಶನವಾಗಿ ನೋಡಬಹುದು. ಹವಳದ ದಿಬ್ಬಗಳ ಮೇಲಿನ ಆ ನೆಲ ಬಹುಮಟ್ಟಿಗೆ ಸಮುದ್ರಕ್ಕಿಂತ ಎರಡು ಮೂರು ಮೀಟರು ಮಾತ್ರ ಎತ್ತರವಾಗಿದೆ. ಉಪ್ಪುನೀರು ನುಗ್ಗಿ ಸಿಹಿನೀರಿನ ಬಾವಿಗಳೂ ಫಸಲೂ ಕೆಡುತ್ತವೆ. ಅಲ್ಲಿಂದ 2007ರಲ್ಲಿ ನ್ಯೂಜಿಲೆಂಡಿಗೆ ಹೋದ ಒಬ್ಬಾತನು ತನ್ನನ್ನು ನಿರಾಶ್ರಿತನೆಂದು ಪರಿಗಣಿಸಬೇಕೆಂದು ಮುಂದೆ ಅಲ್ಲಿಯ ನ್ಯಾಯಾಲಯಗಳನ್ನು ಬೇಡಿದನು. 1951ರ ನಿರಾಶ್ರಿತರ ಒಪ್ಪಂದವು ಜನಾಂಗ, ಧರ್ಮ, ರಾಷ್ಟ್ರೀಯತೆ, ಸಾಮಾಜಿಕ ಗುಂಪು, ರಾಜಕೀಯ ಅಭಿಪ್ರಾಯ ಇವುಗಳ ಕಾರಣದಿಂದ ಹಿಂಸೆಗೆ ಒಳಗಾಗುವವನನ್ನು ಮಾತ್ರ ನಿರಾಶ್ರಿತನೆನ್ನುತ್ತದೆ. ಸಮುದ್ರವು ಯಾರ ಧರ್ಮವನ್ನೂ ಕೇಳಿ ಏರುವುದಿಲ್ಲ. ಆದ್ದರಿಂದ ಆತನ ಕೋರಿಕೆ ತಿರಸ್ಕೃತವಾಯಿತು. 2015ರಲ್ಲಿ ಅವನನ್ನು ಹಿಂದಕ್ಕೆ ಕಳುಹಿಸಲಾಯಿತು. ಅವನ ದೂರನ್ನು ಆಲಿಸಿದ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ, 2020ರಲ್ಲಿ ಪ್ರಕಟವಾದ ತನ್ನ ನಿರ್ಣಯದಲ್ಲಿ, ಅವನ ಪರವಾಗಿ ತೀರ್ಪು ಕೊಡಲಿಲ್ಲ. ಆದರೂ ವಾಯುಗುಣದ ಕೇಡಿನಿಂದ ಪ್ರಾಣಕ್ಕೆ ಅಪಾಯವಿರುವ ಕಡೆಗೆ ಮನುಷ್ಯನನ್ನು ಹಿಂದಟ್ಟುವುದು ಮುಂದೊಂದು ದಿನ ಹಕ್ಕಿನ ಭಂಗವಾಗಬಹುದೆಂಬ ತತ್ತ್ವವನ್ನು ಅದು ಒಪ್ಪಿಕೊಂಡಿತು. ನಮ್ಮ ಹಳ್ಳಿಗರ ನುಡಿಯಲ್ಲಿ ಇಂಥವನಿಗೆ ಹೆಸರಿದೆ. ಲೋಕದ ಕಾನೂನಿನಲ್ಲಿ ಇನ್ನೂ ಹೆಸರಿಲ್ಲ.

ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ. ಕಾರಣಗಳು ಬೆರೆತುಹೋಗಿವೆ ಎಂಬುದು ಮೊದಲನೆಯದು. ಇದು ನಿಜವೇ. ಕಿರಿಬಾಸಿನ ದಕ್ಷಿಣ ತರಾವಾದಲ್ಲಿ 1947ರಲ್ಲಿ 1,641 ಜನರಿದ್ದರು. 2010ರ ವೇಳೆಗೆ 50,000 ಜನರಾದರು. ನೀರಿನ ಅಭಾವಕ್ಕೂ ನೆಲದ ಜಗಳಗಳಿಗೂ ಈ ಇಕ್ಕಟ್ಟೂ ಒಂದು ಕಾರಣ. ಎರಡನೆಯದು, ಕೋಟಿಗಟ್ಟಲೆ ಜನರು ಸ್ವಲ್ಪಸ್ವಲ್ಪವಾಗಿ ಮಾಡಿದ ಕೇಡಿಗೆ ಯಾವನೊಬ್ಬನನ್ನೂ ಹೊಣೆ ಮಾಡಲಾಗದು ಎಂಬುದು.

ಊರೊಂದರ ಕೆರೆಯ ಏರಿಯಿಂದ ಹಲವರು ವರ್ಷವರ್ಷವೂ ಬುಟ್ಟಿಯಲ್ಲಿ ಮಣ್ಣು ಹೊತ್ತು ತಮ್ಮ ಮನೆಯ ಗೋಡೆ ಎತ್ತಿಸಿದರೆನ್ನೋಣ. ಒಂದು ಮಳೆಗಾಲದಲ್ಲಿ ಏರಿ ಒಡೆದು ಕೆಳಗಿನ ಕೇರಿ ಕೊಚ್ಚಿಹೋಯಿತು. ಆಗ ಒಬ್ಬೊಬ್ಬನೂ, “ನನ್ನ ಬುಟ್ಟಿಯಿಂದಲೇ ಏರಿ ಒಡೆಯಿತೇ? ಮಳೆಯೂ ಜೋರಾಗಿತ್ತು, ಕೆಳಗಿನವರ ಗುಡಿಸಲುಗಳೂ ಗಟ್ಟಿಯಿರಲಿಲ್ಲ” ಎಂದರೆ ಊರ ಪಂಚರು ಒಪ್ಪಿಯಾರೇ? ನೂರು ಬುಟ್ಟಿ ಹೊತ್ತವನದು ಒಂದು ಲೆಕ್ಕ, ಎರಡು ಬುಟ್ಟಿ ಹೊತ್ತವನದು ಇನ್ನೊಂದು ಲೆಕ್ಕ. ಆದರೆ ಪಾಲು ಚಿಕ್ಕದೆಂದು ಲೆಕ್ಕದ ಹಾಳೆಯನ್ನೇ ಹರಿಯುವಂತಿಲ್ಲ. ಮೊದಲು ಹೊತ್ತವರಿಗೆ ಇದರ ಪರಿಣಾಮ ತಿಳಿದಿರಲಿಲ್ಲವೆನ್ನಬಹುದು. ಅವರು ಎತ್ತಿಸಿದ ಗೋಡೆಯ ನೆರಳಿನಲ್ಲಿ ಅವರ ಮಕ್ಕಳು ಇಂದಿಗೂ ಕುಳಿತಿದ್ದಾರೆ. ವಾಯುಗುಣದ ವಿಷಯವಾಗಿ ರಾಷ್ಟ್ರಗಳು 1992ರಲ್ಲಿಯೇ ಒಪ್ಪಂದ ಮಾಡಿಕೊಂಡಿರುವುದರಿಂದ ಆಮೇಲೆ ಹೊತ್ತವರಿಗಂತೂ ತಿಳಿಯದೆಂಬ ನೆಪವಿಲ್ಲ.

ಋಣವೆಂಬ ಮಾತಿಗೆ ಬಲಿಷ್ಠ ರಾಷ್ಟ್ರಗಳು ಅಂಜುತ್ತವೆ. 2015ರ ಪ್ಯಾರಿಸ್ ಒಪ್ಪಂದದಲ್ಲಿ ನಷ್ಟ-ಹಾನಿಗಳ ಪ್ರಸ್ತಾಪವೇನೋ ಬಂದಿತು. ಆದರೆ ಅದು ಹೊಣೆಗಾಗಲಿ ಪರಿಹಾರಧನಕ್ಕಾಗಲಿ ಆಧಾರವಾಗುವುದಿಲ್ಲವೆಂದು ಅದರೊಡನೆಯ ನಿರ್ಣಯದಲ್ಲಿಯೇ ಬರೆದಿಟ್ಟರು. ಎಂದರೆ, ಕೊಟ್ಟರೆ ದಾನವಾಗಿ ಕೊಡುತ್ತೇವೆ ಎಂದಂತಾಯಿತು. ಈ ನಿಲುವನ್ನು ಅಲುಗಿಸಲು ದಾರಿ ತೆರೆದವರು ವಿದ್ಯಾರ್ಥಿಗಳು ಎಂಬುದನ್ನು ನಮ್ಮ ಕಿರಿಯ ವಾಚಕರು ಗಮನಿಸಬೇಕು. 2019ರಲ್ಲಿ ಶಾಂತಸಾಗರದ ದ್ವೀಪಗಳ ಕೆಲವು ಕಾನೂನು ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಒಯ್ಯಬೇಕೆಂದು ಹೊರಟರು. ವನುವಾಟು ದೇಶವು ಅದನ್ನು ಕೈಗೆತ್ತಿಕೊಂಡಿತು. 2025ರ ಜುಲೈ 23ರಂದು ಆ ನ್ಯಾಯಾಲಯವು, ವಾಯುಗುಣವನ್ನು ಕಾಪಾಡುವುದು ರಾಷ್ಟ್ರಗಳ ಕಾನೂನುಬದ್ಧ ಕರ್ತವ್ಯವೆಂದೂ, ಅದನ್ನು ಮೀರಿದ ರಾಷ್ಟ್ರವು ತಕ್ಕ ಸಂದರ್ಭದಲ್ಲಿ ನಷ್ಟ ತುಂಬಿಕೊಡಬೇಕಾದೀತೆಂದೂ ಅಭಿಪ್ರಾಯ ಕೊಟ್ಟಿತು. ದಾನದ ಪುಟದಲ್ಲಿದ್ದ ಬಾಬು ಋಣದ ಪುಟಕ್ಕೆ ಬರತೊಡಗಿದೆ.

ಈ ಋಣವನ್ನು ತೀರಿಸುವ ಬಗೆ ಯಾವುದು? ಸುಮಾರು 11,000 ಜನರ ತುವಾಲು ದೇಶವು 2023ರಲ್ಲಿ ಆಸ್ಟ್ರೇಲಿಯದೊಡನೆ ‘ಫಲೇಪಿಲಿ’ ಎಂಬ ಒಪ್ಪಂದ ಮಾಡಿಕೊಂಡಿತು. ನೆರೆಮನೆಯವರನ್ನು ತನ್ನವರಂತೆ ಕಾಣುವುದು ಎಂಬುದು ಆ ದೇಶದ ನುಡಿಯಲ್ಲಿ ಅದರ ಭಾವ. ಅದರಂತೆ ವರ್ಷಕ್ಕೆ 280 ಜನರು ಆಸ್ಟ್ರೇಲಿಯದಲ್ಲಿ ನೆಲಸಬಹುದು. 2025ರಲ್ಲಿ ಮೊದಲ ಬಾರಿ ಚೀಟಿ ಎತ್ತಿದಾಗ, ಮನೆಮಂದಿಯೂ ಸೇರಿ ಎಂಟು ಸಾವಿರಕ್ಕಿಂತ ಹೆಚ್ಚು ಜನರ ಹೆಸರು ನೋಂದಣಿಯಾಗಿತ್ತು. ಇದು ಸ್ವಾಗತಾರ್ಹ. ಆದರೆ ರಕ್ಷಣೆಯ ವಿಷಯದಲ್ಲಿ ತುವಾಲು ಬೇರೆ ದೇಶಗಳೊಡನೆ ಒಪ್ಪಂದ ಮಾಡಿಕೊಳ್ಳಬೇಕಾದರೆ ಆಸ್ಟ್ರೇಲಿಯದ ಸಮ್ಮತಿ ಬೇಕೆಂಬ ಷರತ್ತೂ ಅದರಲ್ಲಿದೆ. ಸಾಲ ತೀರಿಸುವವನು ಪ್ರತಿಫಲ ಕೇಳುವುದು ಧರ್ಮವಲ್ಲ. ಅಲ್ಲದೆ, ಇರಲು ಎಡೆ ಕೊಟ್ಟ ಮಾತ್ರಕ್ಕೆ ಋಣ ಹರಿಯುವುದೂ ಇಲ್ಲ. ಹಿರಿಯರ ಸಮಾಧಿ, ತಾಯ್ನುಡಿ, ಒಟ್ಟಾಗಿ ಬಾಳುವ ರೀತಿ ಇವುಗಳಿಗೆ ಬದಲಿ ನಿವೇಶನವಿಲ್ಲ. ಊರಿನಲ್ಲಿಯೇ ಇರಗೊಡುವುದು ಮೊದಲ ಕರ್ತವ್ಯ. ಬಂದವರನ್ನು ಇರಿಸಿಕೊಳ್ಳುವುದು ಅದರ ನಂತರದ್ದು.

ಗಡಿನಾಡಿನ ನಮಗೆ ಇದು ತಿಳಿಯದ ಮಾತಲ್ಲ. 1956ರಲ್ಲಿ ರಾಜ್ಯಗಳ ಗೆರೆ ಬದಲಾದಾಗ ನಾವು ಎಲ್ಲಿಗೂ ಹೋಗಲಿಲ್ಲ. ಹೊಲ, ಬಾವಿ, ಗುಡಿಗಳು ಇದ್ದಲ್ಲಿಯೇ ಇದ್ದವು. ಆದರೂ ಶಾಲೆಯ ನುಡಿಗಾಗಿ, ಕಚೇರಿಯ ಕಾಗದಕ್ಕಾಗಿ ಪಟ್ಟ ಪಾಡು ಸಣ್ಣದಲ್ಲ. ಕಾಲ ಕೆಳಗಿನ ನೆಲವನ್ನೇ ಕಳೆದುಕೊಂಡವರ ಪಾಡನ್ನು ಇದರಿಂದ ಊಹಿಸಬಹುದು.

ಇಷ್ಟಾಗಿ, ಈ ಪ್ರಶ್ನೆ ದೂರದ ಸಾಗರಕ್ಕೆ ಮಾತ್ರ ಸೇರಿದುದಲ್ಲ. ವಾಯುಗುಣದ ಕಾರಣದಿಂದ 2050ರೊಳಗೆ 21 ಕೋಟಿ 60 ಲಕ್ಷದ ವರೆಗೆ ಜನರು ತಮ್ಮ ತಮ್ಮ ದೇಶದೊಳಗೇ ಸ್ಥಳ ಬದಲಿಸಬೇಕಾದೀತೆಂದು ವಿಶ್ವಬ್ಯಾಂಕು 2021ರಲ್ಲಿ ಅಂದಾಜು ಮಾಡಿತು. ಸುಂದರಬನದ ಘೋರಮಾರಾ ದ್ವೀಪವನ್ನು ನೀರು ಕೊರೆಯುತ್ತಿರಲು ಅಲ್ಲಿಯ ಎಷ್ಟೋ ಕುಟುಂಬಗಳು ಪಕ್ಕದ ಸಾಗರ ದ್ವೀಪವನ್ನು ಸೇರಿವೆ. ಹೀಗೆ ಬರುವವರು ಬಹುಮಟ್ಟಿಗೆ ಗಡಿ ದಾಟಿ ಬರುವುದಿಲ್ಲ, ನೆರೆಯ ಜಿಲ್ಲೆಯಿಂದ ಬರುತ್ತಾರೆ. ವರ್ಷದ ನಡುವೆ ಅವರ ಮಗು ನಮ್ಮ ಶಾಲೆಯ ಬಾಗಿಲಲ್ಲಿ ನಿಲ್ಲುತ್ತದೆ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ವರ್ಗಾವಣೆ ಪತ್ರ ತಡವಾಯಿತೆಂದು ಅಂಥ ಮಗುವಿಗೆ ಪ್ರವೇಶ ನಿರಾಕರಿಸಬಾರದೆಂದು ವಿಧಿಸಿದೆ. ಹೆಸರು ದಾಖಲಿಸುವ ಉಪಾಧ್ಯಾಯರು ಆ ಮಗುವಿಗೆ ಉಪಕಾರ ಮಾಡುತ್ತಿಲ್ಲ, ಸಲ್ಲಬೇಕಾದುದನ್ನು ಸಲ್ಲಿಸುತ್ತಿದ್ದಾರೆ. ಪಕ್ಕದಲ್ಲಿ ಜಾಗ ಬಿಟ್ಟುಕೊಡುವ ಸಹಪಾಠಿಯೂ ಇದನ್ನು ತಿಳಿದಿರುವುದು ಒಳ್ಳೆಯದು.